ಶಾಂತಕ್ಕನ ಡಬ್ಬಿ

ಇವತ್ತು ಅಟ್ಟ ಖಾಲಿ ಮಾಡುವಾಗ ಸ್ಟೀಲ್ ಡಬ್ಬಿಯೊಂದು ಕಾಲ ಮೇಲೆ ಬಿತ್ತು. ಮುಚ್ಚಳದ ಮೇಲೆ ಪಕ್ಕದ ಮನೆಯ ಶಾಂತಕ್ಕನ ಹೆಸರು!

ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ತಿಂಡಿ ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವಂತಿರಲಿಲ್ಲ. ಕೊಟ್ಟು ಬರುತ್ತೇನೆಂದರೆ ಅವ್ವ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. "ಖಾಲಿ ಡಬ್ಬಿ ಹೆಂಗೆ ಕೊಡ್ತೀಯಲೇ? ಏನಾರ ಮಾಡಿದಾಗ ಹಾಕಿ ಕೊಡಾಣ, ಇಡು." ಆ 'ಏನಾರ' ಮಾಡುವಷ್ಟರಲ್ಲಿ ಇನ್ನೊಂದು ಮನೆಯ ಡಬ್ಬಿ ಬಂದಿರುತ್ತಿತ್ತು. ನಮ್ಮ ಪುಸ್ತಕ ಇಡಲು ಜಾಗವಿರಲಿಲ್ಲ, ಊರವರ ಡಬ್ಬಿಗಳಿಗೆ ಮಾತ್ರ ಇತ್ತು.

ಸಾಕಪ್ಪಾ ಸಾಕು ಎಂದು ಡಬ್ಬಿ ತಿಕ್ಕಿ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ, ಶಾಂತಕ್ಕನಿಗೆ ಕೊಟ್ಟೆ. ಒಳಗೆ ಹೋದವರು ಸಕ್ಕರೆ ಸುರಿದುಕೊಂಡು, ಅದೇ ಡಬ್ಬಿಗೆ ಚಕ್ಕುಲಿ ತುಂಬಿ ತಂದರು.

"ಬರಿಗೈಲಿ ಕಳ್ಸಾಕಾಗುತ್ತೇನವ್ವ? ತಗಾ."

ಡಬ್ಬಿ ಮತ್ತೆ ನಮ್ಮ ಮನೆಯಲ್ಲಿದೆ. ಈಗ ನಾನು ಏನಾದರೂ ಮಾಡಬೇಕು.