ಚಿಮ್ಮದ ರಕ್ತ

ನಮ್ಮ ಪಕ್ಕದ ಮನೆಯ ರಾಮಯ್ಯನವರು ಜಯನಗರದ ಒಂದು ಹೊಂಗೆ ಮರದ ಕೆಳಗೆ ಇಪ್ಪತ್ತೆಂಟು ವರ್ಷ ನಿಂತುಕೊಂಡೇ ಬಟ್ಟೆ ಇಸ್ತ್ರಿ ಮಾಡಿದರು. ನಿಂತು ನಿಂತು ಅವರ ಎಡಗಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು.

ಕಳೆದ ಮಾರ್ಚ್‌ನ ಒಂದು ಬೆಳಿಗ್ಗೆ ಇಸ್ತ್ರಿ ಗಾಡಿಯ ತಗಡಿನ ಅಂಚು ತಗುಲಿ ಒಂದು ನರ ಒಡೆಯಿತು. ನೋವು ಅಷ್ಟಾಗಿ ಇರಲಿಲ್ಲ. ರಕ್ತ ಚಿಮ್ಮಲೂ ಇಲ್ಲ. ಕಪ್ಪಗೆ, ಒಂದೇ ಸಮನೆ ಪಾದಕ್ಕೆ ಇಳಿಯುತ್ತಿತ್ತು.

"ಕೆಟ್ಟ ರಕ್ತ, ಹೋಗ್ಲಿ ಬಿಡು. ಚಿಮ್ಮಿದ್ರೆ ಹೆದರ್ಬೇಕು," ಎಂದು ಹೆಂಡತಿ ಮುನಿರತ್ನಮ್ಮನಿಗೆ ಹೇಳಿ, ಸ್ಟೂಲಿನ ಮೇಲೆ ಕೂತು ಕಾಲಿಗೆ ನೀರು ಸುರಿದುಕೊಂಡರು.

ಬಟ್ಟೆ ಕೊಡಲು ಬಂದ ಕಾತ್ಯಾಯಿನಿ ಮೇಡಂ, "ಕಾಲು ಮೇಲಕ್ಕಿಟ್ಟು ಮಲ್ಕೊಳ್ಳಿ ರಾಮಯ್ಯ," ಎಂದರು.

"ನಿಮ್ಮ ಮುಂದೆ ಕಾಲೆತ್ಕೊಂಡು ಮಲಗೋದಾ ಮೇಡಂ? ಚೆನ್ನಾಗಿರಲ್ಲ."

"ಮನೇಲಿ ನನ್ನ ಮುಂದೆ ಮಾತ್ರ ಮಹಾರಾಜ್ರ ಥರ ಚಾಚ್ಕೋತೀರ," ಎಂದರು ಮುನಿರತ್ನಮ್ಮ. ರಾಮಯ್ಯನವರು ನಕ್ಕರು. ನಗುತ್ತಿದ್ದಂತೆಯೇ ಮುಖ ಬಿಳಿಚಿಕೊಂಡು ವಾಲಿದರು. ಆಟೋದಲ್ಲಿಯೂ ಅವರನ್ನು ಕೂರಿಸಿಯೇ ಕರೆದೊಯ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರಿರಲಿಲ್ಲ.

"ತರಚಿದ್ರೆ ಜಿನುಗೋ ರಕ್ತ ತಾನೇ ನಿಲ್ಲುತ್ತೆ," ಎಂದರು ನರ್ಸ್, ಮೆಲ್ಲಗೆ. "ಚಿಮ್ಮೋ ಕೆಂಪು ರಕ್ತ ಬೇಗ ಜೀವ ತೆಗೆಯುತ್ತೆ. ಆದ್ರೆ ಹರಿಯೋ ಕಪ್ಪು ರಕ್ತಾನೂ ತೆಗೆಯುತ್ತಮ್ಮ. ಮಲಗಿಸಿ, ಕಾಲೆತ್ತಿ, ಬಟ್ಟೆ ಮಡಿಚಿ ಗಟ್ಟಿಯಾಗಿ ಒತ್ತಿ ಹಿಡಿದಿದ್ರೆ ನಿಲ್ತಿತ್ತು."

"ಎಷ್ಟೊತ್ತು ಒತ್ತಬೇಕಿತ್ತು?"

"ಹತ್ತು ಹದಿನೈದು ನಿಮಿಷ."

ಮುನಿರತ್ನಮ್ಮ ಸೆರಗನ್ನು ಮಡಿಚಿ, ಗಂಡನ ತಣ್ಣಗಾದ ಕಾಲಿನ ಮೇಲಿಟ್ಟು ಒತ್ತಿ ಹಿಡಿದರು. ಯಾರು ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ.