ಘಟ್ಟದ ಕೆಳಗಿಂದ ಬಂದ ಫೋನು

ಆ ಭಾನುವಾರ ಮಧ್ಯಾಹ್ನ ಜಾಲಹಳ್ಳಿಯ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಗಂಡ ಮುರುಡೇಶ್ವರದಲ್ಲಿ ಬೆಳಗ್ಗೆಯೇ ಸ್ಕೂಬಾ ಡೈವಿಂಗ್ ಮುಗಿಸಿ ಗೆಳೆಯನ ಕಾರಿನಲ್ಲಿ ಹೊರಟಿದ್ದರು. ವೈಟ್‌ಫೀಲ್ಡಿನ ಈಜುಕೊಳದಲ್ಲಿ ನಾನೂ ಅವರೂ ಒಟ್ಟಿಗೇ ಡೈವಿಂಗ್ ಕಲಿತವರು. ಹಾಳು ನೆಗಡಿ ಹಿಡಿದು ನಾನು ಉಳಿದುಕೊಂಡಿದ್ದೆ.

ಫೋನು ಬಂತು. "ಘಟ್ಟದ ಕೆಳಗೆ ಟೀ ಕುಡೀತಿದೀವಿ ಕಣೇ. ರಾತ್ರಿ ಊಟದ ಹೊತ್ತಿಗೆ ಮನೇಲಿರ್ತೀನಿ."

"ಡೈವ್ ಕಂಪ್ಯೂಟರ್ ಏನ್ ತೋರಿಸ್ತಿದೆ?"

"ವಿಮಾನದ ಚಿತ್ರ. ನಾವೇನ್ ಫ್ಲೈಟಲ್ಲಿ ಬರ್ತಿದೀವಾ? ಕಾರು ಕಣೇ, ಕಾರು!"

ಮೈಯೆಲ್ಲ ಉರಿದುಹೋಯಿತು. ಕೈಗಡಿಯಾರದಂಥ ಆ ಯಂತ್ರ ಮುಳುಗಿದ ಆಳ, ಕಳೆದ ಹೊತ್ತು ನೋಡಿ, ಮೈಯಲ್ಲಿ ಎಷ್ಟು ಸಾರಜನಕ ಕರಗಿದೆಯೆಂದು ಲೆಕ್ಕ ಹಾಕುತ್ತದೆ. ವಿಮಾನದ ಚಿತ್ರ ಇರುವವರೆಗೆ ಎತ್ತರಕ್ಕೆ ಹೋಗಕೂಡದು; ಹೋದರೆ ಸೋಡಾ ಬಾಟಲಿ ತೆರೆದ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಕಾರಾದರೇನು, ಘಟ್ಟ ಎತ್ತರವಲ್ಲವೇ? ಬೆಂಗಳೂರೇ ಎತ್ತರದಲ್ಲಿಲ್ಲವೇ? ಇದನ್ನೆಲ್ಲ ಒಂದೇ ಉಸಿರಿಗೆ ಬಡಬಡಿಸಿದೆ.

"ನಾಳೆ ಪೀಣ್ಯದ ಫ್ಯಾಕ್ಟರೀಲಿ ಫಸ್ಟ್ ಶಿಫ್ಟು. ನಿಮ್ಮಪ್ಪ ಹೋಗ್ತಾರಾ?" ಎಂದು ಫೋನಿಟ್ಟರು.

ಶನಿವಾರ ಘಟ್ಟ ಇಳಿದು, ಭಾನುವಾರ ಮುಳುಗಿ, ಸೋಮವಾರ ಹಾಜರಿ ಕಾರ್ಡು ಪಂಚ್ ಮಾಡುವ ಜನ ನಾವು. ನಮಗೆ ಸಮುದ್ರವೂ ವಾರದ ರಜೆಯೊಳಗೇ ಮುಗಿಯಬೇಕು! ಅಡುಗೆಮನೆಗೆ ಹೋದೆ, ಬಂದೆ, ಅಕ್ಕಿ ಹಾಕದೆಯೇ ಕುಕ್ಕರ್ ಇಟ್ಟೆ. ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ಕಾರು ಓಡಿಸುತ್ತಿದ್ದ ಗೆಳೆಯನಿಗೇ ಮಾಡಿದೆ.

"ಇನ್ನೂ ಟೀ ಅಂಗಡೀಲೇ ಇದೀವಿ ಅಕ್ಕ. ಅಣ್ಣ ಆಗ್ಲಿಂದ ಮೊಣಕೈ ಉಜ್ಕೊಳ್ತಾ ಇದಾರೆ. ಕೇಳಿದ್ರೆ ರೇಗ್ತಾರೆ."

ಕೀಲು ನೋಯುವುದು ಗುಳ್ಳೆಯ ಗುರುತು; ಕೆಲವರಿಗೆ ಎತ್ತರಕ್ಕೆ ಹೋಗದೆಯೂ ಏಳುತ್ತದೆ. ಫೋನು ಅವರಿಗೆ ಕೊಡಿಸಿದೆ. "ರೀ, ಕೈಗೆ ಏನಾಗಿದೆ?"

ಸಣ್ಣ ದನಿಯಲ್ಲಿ ಅಂದರು, "ನೋವಿದೆ. ಬೆರಳೆಲ್ಲ ಜುಮ್ ಅಂತಿದೆ ಕಣೇ. ಶಿಫ್ಟೂ ಇಲ್ಲ, ಮಣ್ಣೂ ಇಲ್ಲ, ಅದು ಬರೀ ನೆಪ. ಭಯ ಆಗ್ತಿದೆ. ಮನೆಗೆ ಬಂದ್ಬಿಡ್ತೀನಿ."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಭಯ ಎಂಬ ಮಾತು ಕೇಳಿದ್ದು ಅದೇ ಮೊದಲು. ಎದುರಿಗಿದ್ದಿದ್ದರೆ ತಬ್ಬಿಕೊಂಡುಬಿಡುತ್ತಿದ್ದೆ.

"ಘಟ್ಟ ಹತ್ತಬೇಡಿ," ಎಂದೆ. "ಅಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ. ಡೈವಿಂಗ್ ಮಾಡಿದೀನಿ, ಮೊದಲು ಆಕ್ಸಿಜನ್ ಕೊಡಿ ಅನ್ನಿ. ನಾನೇ ಬರ್ತೀನಿ, ಈಗ್ಲೇ ಹೊರಟೆ. ನೀವು ಮನೆಗೆ ಮಾತ್ರ ಬರಬೇಡಿ, ರೀ."