ಕೆಮ್ಮು ಉಳಿಸಿಕೊಟ್ಟ ಪೊರಕೆ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ರಸ್ತೆಯಲ್ಲಿ ವಾಹನಗಳ ಗಲಾಟೆ ಶುರುವಾಗುವ ಮೊದಲೇ ಈ ಮಹಿಳೆ ಧ್ವನಿಮುದ್ರಣ ಸ್ಟುಡಿಯೋದ ಕಿರುಕೋಣೆಯಲ್ಲಿ ಫ್ಯಾನು ಆರಿಸಿ, ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಹಳೆಯ ಟೇಪುಗಳ ಬೇಡದ ಸದ್ದನ್ನೆಲ್ಲ ಹೆಕ್ಕಿ ತೆಗೆಯುವುದು ಇವರ ಕಸುಬು. ಹಾಗಾಗಿ ಇಲ್ಲಿನವರ ಬಾಯಲ್ಲಿ ಇವರು ‘ಪೊರಕೆ ಅಕ್ಕ’.

ಫೋನು ಎತ್ತುವ ಕೆಲಸಕ್ಕೆಂದು ಬಂದವರು. ಗೋಡೆಯಾಚೆಯ ಹಾಡಿನಲ್ಲಿ ಸೊಳ್ಳೆ ಗುಂಯ್‌ಗುಡುತ್ತಿದೆ ಎಂದು ಒಮ್ಮೆ ಹೇಳಿದ್ದೇ ತಡ, ಯಜಮಾನರು ಕರೆದು ಒಳಗೆ ಕೂರಿಸಿದರು. ಒಂದು ನಿಮಿಷದ ಹಾಡಿಗೆ ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ, ಬೆನ್ನುನೋವು ಬೇರೆ. ಮನೆಯಲ್ಲಿ ಗಂಡನದು ಒಂದೇ ದೂರು: “ಗೊರಕೆ ಹೊಡೆಯೋಕೂ ಹೆದರಿಕೆ ಕಣ್ರೀ, ಎಲ್ಲಿ ಕತ್ತರಿಸಿಬಿಡ್ತಾಳೋ ಅಂತ.”

ಈಗ ಕೈಯಲ್ಲಿರುವುದು, ಜನ ಮರೆತೇಬಿಟ್ಟ ಜಾಝ್ ಸಂಗೀತ ಸಂಯೋಜಕನೊಬ್ಬನ ಕುರಿತ ಸಾಕ್ಷ್ಯಚಿತ್ರ. ಮೂವತ್ತು ತುಂಬುವಷ್ಟರಲ್ಲಿ ಎದೆಯ ಕಾಯಿಲೆ ಅವನನ್ನು ಒಯ್ದಿತು. ಉಳಿದದ್ದು ಮನೆಯ ಪಿಯಾನೋದಲ್ಲಿ ನುಡಿಸಿ ಅವನೇ ತುಂಬಿಸಿಟ್ಟ ಒಂದಷ್ಟು ಟೇಪು. ಸ್ವರಗಳ ನಡುನಡುವೆ ಕೆಮ್ಮು. ಪಾಪ, ಸಾವಿನ ಸದ್ದು ಮನೆಯವರ ಕಿವಿಗೆ ಯಾಕೆ ಬೀಳಬೇಕು ಎಂದು ಅಕ್ಕ ವಾರಗಟ್ಟಲೆ ಕೂತು ಅಷ್ಟೂ ಕೆಮ್ಮನ್ನು ಗುಡಿಸಿ ಹಾಕಿದರು.

ಕೇಳಲು ಬಂದದ್ದು ಸಂಯೋಜಕನ ತಂಗಿ, ಈಗ ಕೋಲೂರಿ ನಡೆಯುವ ಅಜ್ಜಿ. ಹಾಡು ಮುಗಿದರೂ ಅವರ ಮುಖ ಅರಳಲಿಲ್ಲ.

“ಚೆನ್ನಾಗಿದೆ ಕಣಮ್ಮ. ಆದ್ರೆ ಇದ್ರಲ್ಲಿ ನಮ್ಮಣ್ಣ ಇಲ್ಲ,” ಅಂದರು. “ಅವನು ಬಾಗಿಲು ಹಾಕ್ಕೊಂಡು ನುಡಿಸೋನು. ಕೆಮ್ಮು ಕೇಳಿದ್ರೆ, ಸದ್ಯ ಇದ್ದಾನಲ್ಲ ಅಂತ ನಾವು ಊಟಕ್ಕೆ ಕೂರ್ತಿದ್ವಿ. ಅದು ನಿಂತ ದಿನ ಮನೇಲಿ ಯಾರೂ ಊಟ ಮಾಡ್ಲಿಲ್ಲ.”

ಪೊರಕೆ ಅಕ್ಕ ತಾವು ಗುಡಿಸಿದ್ದನ್ನು ಮತ್ತೆ ಹಾಕಿ ಕೇಳಿದರು. ಕೆಮ್ಮಿನ ಜೊತೆಗೆ ಸ್ವರದ ತುದಿಗಳೂ ಹೋಗಿವೆ; ಮೂಲ ಟೇಪಿನಿಂದಲೇ ಮತ್ತೆ ಶುರುಮಾಡಬೇಕು. ಚಿತ್ರ ಒಪ್ಪಿಸಲು ವಾರವೂ ಉಳಿದಿಲ್ಲ. ಆಗದ ಮಾತು ಎಂದು ನಿರ್ದೇಶಕರು ಕೈಚೆಲ್ಲಿದರು. ಅಕ್ಕ ವಾದಕ್ಕೆ ಹೋಗದೆ ಮರುದಿನದಿಂದ ಇನ್ನೂ ಬೇಗ ಬರತೊಡಗಿದರು. ಈ ಸಲ ತೆಗೆಯುವುದು ಟೇಪಿನ ಸುಯ್ಯೆನ್ನುವ ಸದ್ದನ್ನು ಮಾತ್ರ. ಕೆಮ್ಮಿನ ತಂಟೆಗೆ ಹೋಗುವಂತಿಲ್ಲ.

ಇವತ್ತು ಕೊನೆಯ ಹಾಡು. ಮುಗಿಸಿ ಹೆಡ್‌ಫೋನ್ ಇಳಿಸುತ್ತಾರೆ. ಚಿತ್ರ ತೋರಿಸುವ ದಿನ ಆ ಅಜ್ಜಿಯ ಪಕ್ಕ ಒಂದು ಕುರ್ಚಿ ಸಿಕ್ಕರೆ ಸಾಕಂತೆ, ಅಣ್ಣ ಕೆಮ್ಮಿದಾಗ ಅವರ ಮುಖ ನೋಡಬೇಕಂತೆ. ಆಮೇಲೆ ತುಸು ನಾಚಿಕೊಂಡೇ ಹೇಳುತ್ತಾರೆ:

“ಮೊದಲೆಲ್ಲ ನಮ್ಮನೆಯವರು ಗೊರಕೆ ಹೊಡೆದ್ರೆ ತಿವಿದು ಎಬ್ಬಿಸ್ತಿದ್ದೆ. ಈಗ ಅದು ಕೇಳಿಸಿದ ಮೇಲೇ ನನಗೆ ನಿದ್ದೆ ಬರೋದು.”